ಅರ್ಧ ಬೆಲೆಯ ಸಣ್ಣ ಷೇರು: ಎಷ್ಟು ಅಂತರ ಬೇಕು, ಎಷ್ಟು ಕಾಲ ಕಾಯಬೇಕು

ನೂರು ರೂಪಾಯಿ ಬಾಳುವ ಷೇರು ಐವತ್ತಕ್ಕೆ ಸಿಕ್ಕಿತು ಎಂದುಕೊಳ್ಳೋಣ. ಬೆಲೆ ಮೂರು ವರ್ಷದಲ್ಲಿ ನೂರಕ್ಕೆ ಬಂದರೆ ವರ್ಷಕ್ಕೆ ಶೇ. 26ರ ಚಕ್ರಬಡ್ಡಿ ಸಿಕ್ಕಂತೆ. ಐದು ವರ್ಷ ಹಿಡಿದರೆ ಶೇ. 15ರ ಹತ್ತಿರ. ಹತ್ತು ವರ್ಷ ಹಿಡಿದರೆ ಶೇ. 7.2, ಅಂದರೆ ಬ್ಯಾಂಕಿನ ಎಫ್‌ಡಿಯ ಆಸುಪಾಸು.

ಇದೇ ಲೆಕ್ಕವನ್ನು ಇನ್ನೆರಡು ಬಗೆಯಲ್ಲಿ ಮಾಡಿ ನೋಡಿ. ಕಂಪನಿಯ ಮೌಲ್ಯವೇ ವರ್ಷಕ್ಕೆ ಶೇ. 10ರಂತೆ ಬೆಳೆಯುತ್ತಿದ್ದರೆ, ಬೆಲೆ ಆ ಮೌಲ್ಯವನ್ನು ಮುಟ್ಟಲು ಐದು ವರ್ಷ ಹಿಡಿದಾಗ ಗಳಿಕೆ ವರ್ಷಕ್ಕೆ ಶೇ. 26, ಹತ್ತು ವರ್ಷ ತಡವಾದರೂ ಶೇ. 18ರ ಸನಿಹ. ಮೌಲ್ಯ ವರ್ಷಕ್ಕೆ ಶೇ. 5ರಂತೆ ಕರಗುತ್ತಿದ್ದರೆ ಐದು ವರ್ಷಕ್ಕೆ ಶೇ. 9, ಹತ್ತು ವರ್ಷಕ್ಕೆ ಶೇ. 2ಕ್ಕೂ ಕಡಿಮೆ. ಮೂರೂ ಸಲ ಕೊಂಡ ಬೆಲೆ ಒಂದೇ, ಸಿಕ್ಕ ರಿಯಾಯಿತಿಯೂ ಒಂದೇ. ಕಾದದ್ದರ ಫಲ ಮಾತ್ರ ಬೇರೆ ಬೇರೆ.

ಅಗ್ಗದ ಸಣ್ಣ ಷೇರುಗಳ ಬಗ್ಗೆ ಮಾತಾಡುವಾಗ ತಾಳ್ಮೆಯನ್ನೂ ಸುರಕ್ಷತೆಯ ಅಂತರವನ್ನೂ (ನಿಜ ಮೌಲ್ಯಕ್ಕಿಂತ ಎಷ್ಟು ಕಡಿಮೆಗೆ ಕೊಂಡೆವು ಎಂಬುದು) ಎರಡು ಬೇರೆ ಗುಣಗಳೆಂಬಂತೆ ಹೇಳುವುದುಂಟು. ಅವೆರಡೂ ಒಂದೇ ಲೆಕ್ಕದ ಎರಡು ಬದಿಗಳು. ಕಡಿಮೆ ಬೆಲೆಗೆ ಕೊಂಡಷ್ಟೂ ಕಾಯಲು ಹೆಚ್ಚು ಕಾಲ ಸಿಗುತ್ತದೆ. ಆದರೆ ಮೌಲ್ಯ ಕರಗುವ ಕಂಪನಿಯಲ್ಲಿ ಕುಳಿತರೆ ಅದೇ ಕಾಲ ಆ ಅಂತರವನ್ನು ತಿಂದುಹಾಕುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು "ಎಷ್ಟು ಅಗ್ಗ?" ಎಂದಲ್ಲ, "ನಾನು ಕಾಯುವಾಗ ಈ ಕಂಪನಿಯ ಮೌಲ್ಯಕ್ಕೆ ಏನಾಗುತ್ತಿರುತ್ತದೆ?" ಎಂದು.

ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2017ರಲ್ಲಿ ಮ್ಯೂಚುವಲ್ ಫಂಡುಗಳಿಗಾಗಿ ಹಾಕಿಕೊಟ್ಟ ಗೆರೆಯ ಪ್ರಕಾರ ಮಾರುಕಟ್ಟೆ ಮೌಲ್ಯದಲ್ಲಿ 251ನೇ ಸ್ಥಾನದಿಂದ ಕೆಳಗಿನ ಕಂಪನಿಗಳೆಲ್ಲ ಸಣ್ಣವು, ಅಂದರೆ ಸ್ಮಾಲ್‌ಕ್ಯಾಪ್. ಆ ಪಟ್ಟಿಯ ಮೇಲ್ತುದಿಯಲ್ಲಿ ಸಾವಿರಾರು ಕೋಟಿಯ ಕಂಪನಿಗಳಿವೆ; ಅವನ್ನು ಹತ್ತಾರು ವಿಶ್ಲೇಷಕರು ನೋಡುತ್ತಿರುತ್ತಾರೆ. ಇಲ್ಲಿ ಹೇಳುತ್ತಿರುವುದು ಅದರ ತಳದ ಕಂಪನಿಗಳ ಬಗ್ಗೆ: ಒಟ್ಟು ಮಾರುಕಟ್ಟೆ ಮೌಲ್ಯ ಐವತ್ತು, ನೂರು, ಮುನ್ನೂರು ಕೋಟಿ ಇರುವಂಥವು. ದೊಡ್ಡ ಫಂಡು ಇಂಥ ಕಂಪನಿಯಲ್ಲಿ ಹತ್ತು ಕೋಟಿ ಹಾಕಲು ಹೋದರೂ ಬೆಲೆ ತಾನಾಗಿ ಏರಿಬಿಡುತ್ತದೆ, ಹೊರಬರುವಾಗ ಕುಸಿಯುತ್ತದೆ. ಹಾಗಾಗಿ ಅವರು ಬರುವುದಿಲ್ಲ, ವರದಿ ಬರೆಯುವವರೂ ಇಲ್ಲ. ಬೆಲೆ ಮೌಲ್ಯಕ್ಕಿಂತ ಬಹಳ ಕೆಳಗೆ ವರ್ಷಗಟ್ಟಲೆ ಬಿದ್ದಿರಲು ಇದೊಂದು ಪ್ರಾಮಾಣಿಕ ಕಾರಣ. ಅಪ್ರಾಮಾಣಿಕ ಕಾರಣಗಳೂ ಇವೆ, ಅವುಗಳಿಗೆ ಮುಂದೆ ಬರೋಣ.

ಒಂದು ಫೌಂಡ್ರಿಯ ಲೆಕ್ಕ

ಬೆಳಗಾವಿಯ ಉದ್ಯಮಬಾಗದಂಥ ಕಡೆ ಎರಕದ ಬಿಡಿಭಾಗ ತಯಾರಿಸುವ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಿ. ಲಾರಿ, ಟ್ರಾಕ್ಟರ್ ಕಂಪನಿಗಳೇ ಗಿರಾಕಿಗಳು. ಒಟ್ಟು ಒಂದು ಕೋಟಿ ಷೇರು, ಬೆಲೆ 60 ರೂಪಾಯಿ, ಅಲ್ಲಿಗೆ ಮಾರುಕಟ್ಟೆ ಮೌಲ್ಯ 60 ಕೋಟಿ. ಕಳೆದ ವರ್ಷದ ಲಾಭ 14 ಕೋಟಿ. ಪಿ/ಇ, ಅಂದರೆ ಬೆಲೆ ಲಾಭದ ಎಷ್ಟು ಪಟ್ಟು ಎಂಬುದು, 4.3 ಎಂದು ಕಂಡ ಕೂಡಲೇ ಕೈ ಕೊಳ್ಳುವ ಗುಂಡಿಯತ್ತ ಹೋಗುತ್ತದೆ. ತಡೆದು ಮೂರು ಲೆಕ್ಕ ಹಾಕಬೇಕು.

ಮೊದಲನೆಯದು, ನಾಳೆಯೇ ಬಾಗಿಲು ಮುಚ್ಚಿದರೆ ಏನು ಉಳಿಯುತ್ತದೆ? ಬ್ಯಾಲೆನ್ಸ್ ಶೀಟಿನಲ್ಲಿ ನಗದು ಮತ್ತು ಠೇವಣಿ 20 ಕೋಟಿ, ಗಿರಾಕಿಗಳಿಂದ ಬರಬೇಕಾದ ಬಾಕಿ 36 ಕೋಟಿ, ದಾಸ್ತಾನು 30 ಕೋಟಿ, ಯಂತ್ರಗಳು 24 ಕೋಟಿ, ಜಮೀನು ಹಳೆಯ ಬೆಲೆಯಲ್ಲಿ 3 ಕೋಟಿ. ಸಾಲ ಮತ್ತು ಕೊಡಬೇಕಾದದ್ದೆಲ್ಲ ಸೇರಿ 37 ಕೋಟಿ. ಪುಸ್ತಕದ ಪ್ರಕಾರ 76 ಕೋಟಿ ಉಳಿಯಿತು. ಆದರೆ ಪುಸ್ತಕದ ಬೆಲೆ ಕೈಗೆ ಬರುವುದಿಲ್ಲ. ನಗದಿಗೆ ಪೂರ್ತಿ, ಬಾಕಿಗೆ ಶೇ. 80, ದಾಸ್ತಾನಿಗೆ ಶೇ. 50, ಯಂತ್ರಕ್ಕೆ ಶೇ. 25 ಹಿಡಿಯಿರಿ. ದಾಸ್ತಾನಿಗೆ ಅರ್ಧ ಏಕೆಂದರೆ ಒಬ್ಬ ಗಿರಾಕಿಯ ಅಚ್ಚಿನಲ್ಲಿ ಹೊಯ್ದ ಬಿಡಿಭಾಗ ಇನ್ನೊಬ್ಬನಿಗೆ ಬೇಡ, ಮತ್ತೆ ಕರಗಿಸಿದರೆ ಗುಜರಿ ಬೆಲೆ. ಜಮೀನನ್ನು ಹಳೆಯ ಬೆಲೆಯಲ್ಲೇ ಬಿಡಿ; ಏರಿದ್ದರೆ ಅದು ಲಾಭ, ಅದನ್ನು ನಂಬಿ ಕೊಳ್ಳುವುದು ಬೇಡ. ಒಟ್ಟು 72.8 ಕೋಟಿ, ಸಾಲ ಕಳೆದರೆ 35.8 ಕೋಟಿ. ಷೇರಿಗೆ ಸುಮಾರು 36 ರೂಪಾಯಿ.

ಎರಡನೆಯದು, ನಡೆಯುವ ಕಾರ್ಖಾನೆಯಾಗಿ ಅದರ ಬೆಲೆ. ಲಾರಿ ಉದ್ಯಮ ಏರಿಳಿತದ್ದು, ಆದ್ದರಿಂದ ಒಂದೇ ವರ್ಷದ ಲಾಭ ನೋಡುವುದು ತಪ್ಪು. ಏಳು ವರ್ಷಗಳ ಕಾರ್ಯಾಚರಣೆಯ ನಗದು ಹರಿವಿನ (ವ್ಯವಹಾರದಿಂದ ನಿಜಕ್ಕೂ ಕೈಗೆ ಬಂದ ದುಡ್ಡಿನ) ಸರಾಸರಿ 11 ಕೋಟಿ ಎನ್ನಿ. ಕುಲುಮೆಯ ಒಳಪದರ ಬದಲಿಸಲು, ಸವೆದ ಯಂತ್ರ ಕೊಳ್ಳಲು, ಅಂದರೆ ಇದ್ದಲ್ಲೇ ಇರಲು ವರ್ಷಕ್ಕೆ 4 ಕೋಟಿ ಬೇಕು. ನಿಜಕ್ಕೂ ಉಳಿಯುವುದು 7 ಕೋಟಿ. ಇಂಥ ವ್ಯವಹಾರಕ್ಕೆ ಹತ್ತು ಪಟ್ಟು ಸಾಕು: 70 ಕೋಟಿ. ನಗದಿನಲ್ಲಿ ದಿನನಿತ್ಯದ ವ್ಯವಹಾರಕ್ಕೆ 5 ಕೋಟಿ ಬಿಟ್ಟು ಉಳಿದ 15 ಕೋಟಿ ಕೂಡಿಸಿ, ಬ್ಯಾಂಕ್ ಸಾಲ 10 ಕೋಟಿ ಕಳೆಯಿರಿ. 75 ಕೋಟಿ, ಷೇರಿಗೆ 75 ರೂಪಾಯಿ.

ಮೂರನೆಯದು ಆಶಾವಾದಿಯ ಲೆಕ್ಕ: ಕಳೆದ ವರ್ಷದ 14 ಕೋಟಿಯೇ ಶಾಶ್ವತ ಎಂದು ಹತ್ತರಿಂದ ಗುಣಿಸಿದರೆ ಷೇರಿಗೆ 140 ರೂಪಾಯಿ ದಾಟುತ್ತದೆ. ಏರಿಳಿತದ ಉದ್ಯಮದಲ್ಲಿ ಪಿ/ಇ ಅತಿ ಕಡಿಮೆ ಕಾಣುವುದು ಲಾಭ ತುದಿಗೇರಿದ ವರ್ಷದಲ್ಲೇ. ಮುಂದಿನ ಎರಡು ವರ್ಷದಲ್ಲಿ ಲಾಭ ಮೂರನೇ ಒಂದಕ್ಕೆ ಇಳಿದಾಗ ಅದೇ ಷೇರು ಅದೇ ಬೆಲೆಯಲ್ಲಿ "ದುಬಾರಿ"ಯಾಗುತ್ತದೆ. ಅಗ್ಗದ ಷೇರೆಂದು ಕೊಂಡು ಕೈಸುಟ್ಟುಕೊಳ್ಳುವವರಲ್ಲಿ ಬಹುಪಾಲು ಮಂದಿ ಬೀಳುವ ಹಳ್ಳ ಇದು.

ಈಗ ಅಂತರ ನೋಡಿ. ನಡುವಿನ 75ಕ್ಕೆ ಹೋಲಿಸಿದರೆ 60 ರೂಪಾಯಿ ಶೇ. 20 ಮಾತ್ರ ಕಡಿಮೆ. ನಮ್ಮ ಅಂದಾಜು ಶೇ. 30 ತಪ್ಪಿದ್ದರೆ, ಅಂದರೆ ನಿಜ ಮೌಲ್ಯ 52 ಆಗಿದ್ದರೆ, 60ಕ್ಕೆ ಕೊಂಡವರು ಹೆಚ್ಚು ಕೊಟ್ಟಿದ್ದಾರೆ. 45ಕ್ಕೆ ಕೊಂಡಿದ್ದರೆ ಅಷ್ಟು ದೊಡ್ಡ ತಪ್ಪಿನ ಮೇಲೂ ಒಂದಿಷ್ಟು ಉಳಿಯುತ್ತದೆ. ದೊಡ್ಡ, ಸ್ಥಿರ ಕಂಪನಿಗೆ ಶೇ. 20-25ರ ಅಂತರ ಸಾಕೆನ್ನಬಹುದು. ಒಂದೆರಡು ಗಿರಾಕಿಗಳನ್ನೇ ನಂಬಿದ, ಒಂದೇ ಕುಟುಂಬದ ಕೈಯಲ್ಲಿರುವ, ಬೇಕೆಂದಾಗ ಮಾರಲಾಗದ ಕಂಪನಿಗೆ ಶೇ. 40ಕ್ಕಿಂತ ಕಡಿಮೆ ಅಂತರದಲ್ಲಿ ಕೈಹಾಕಬಾರದು. ಇಲ್ಲಿ ಕೊಳ್ಳುವ ಬೆಲೆ 45. ಷೇರು 60ರಲ್ಲಿದ್ದರೆ ಪಟ್ಟಿಯಲ್ಲಿ ಬರೆದಿಟ್ಟು ಸುಮ್ಮನಿರಬೇಕು. ತಾಳ್ಮೆ ಎಂದರೆ ಕೊಂಡ ಮೇಲೆ ಕಾಯುವುದು ಎಂದು ತಿಳಿದಿರುತ್ತೇವೆ; ಕೊಳ್ಳುವ ಮೊದಲು ಕಾಯುವ ತಾಳ್ಮೆಯೇ ಹೆಚ್ಚು ದುಡ್ಡು ಉಳಿಸುತ್ತದೆ.

ಮುಚ್ಚಿದ ಪೆಟ್ಟಿಗೆಯೊಳಗಿನ ಚಿನ್ನ

ಸುರಕ್ಷತೆಯ ಅಂತರದ ವಿಚಾರವನ್ನು ಬೆಳೆಸಿದ ಬೆಂಜಮಿನ್ ಗ್ರಹಾಂ, ಚಾಲ್ತಿ ಆಸ್ತಿಯಿಂದ (ನಗದು, ಬಾಕಿ, ದಾಸ್ತಾನು) ಎಲ್ಲ ಸಾಲವನ್ನೂ ಕಳೆದು, ಉಳಿದದ್ದರ ಮೂರನೇ ಎರಡು ಭಾಗಕ್ಕಿಂತ ಕಡಿಮೆಗೆ ಸಿಕ್ಕ ಷೇರುಗಳನ್ನು ಹುಡುಕುತ್ತಿದ್ದರು. 1930ರ ದಶಕದ ಮಹಾಕುಸಿತದ ಅಮೆರಿಕದಲ್ಲಿ ಅಂಥವು ಧಾರಾಳವಾಗಿದ್ದವು. ನಮ್ಮ ಫೌಂಡ್ರಿಗೆ ಅದೇ ಅಳತೆ ಹಿಡಿದರೆ 86ರಲ್ಲಿ 37 ಕಳೆದು 49 ಕೋಟಿ, ಅದರ ಮೂರನೇ ಎರಡು ಭಾಗ ಸುಮಾರು 33 ಕೋಟಿ.

ಈ ಅಳತೆಯನ್ನು ಇದ್ದಂತೆಯೇ ಭಾರತಕ್ಕೆ ತಂದರೆ ಎಡವುತ್ತೇವೆ. ಇಲ್ಲಿನ ಸಣ್ಣ ಕಂಪನಿಗಳಲ್ಲಿ ಪ್ರವರ್ತಕ, ಅಂದರೆ ಕಂಪನಿ ಕಟ್ಟಿ ನಡೆಸುವ, ಕುಟುಂಬದ ಪಾಲು ಅರ್ಧ ದಾಟಿರುವುದು ಸಾಮಾನ್ಯ, ಶೇ. 75ರವರೆಗೂ ಇರಬಹುದು. ಕಂಪನಿಯನ್ನು ಮುಚ್ಚಿ ದುಡ್ಡು ಹಂಚಿ ಎಂದು ಒತ್ತಾಯಿಸುವ ಬಲ ಹೊರಗಿನವರಿಗಿಲ್ಲ. ನೂರಾರು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿಯೂ ಬೇಕು. ಆಸ್ತಿ ಇದೆ, ಆದರೆ ಅದರ ಬೀಗದ ಕೈ ನಮ್ಮಲ್ಲಿಲ್ಲ.

ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯ ಕತೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಏಷ್ಯನ್ ಪೇಂಟ್ಸ್‌ನಲ್ಲಿ ಭಾರೀ ಮೊತ್ತ ಹೂಡಿದ್ದ ಈ ಕಂಪನಿಯ ಷೇರುಗಳು ಒಟ್ಟು ಎರಡೇ ಲಕ್ಷ, ಪ್ರವರ್ತಕರ ಪಾಲು ಶೇ. 75. ಒಂದು ಷೇರಿನ ಹಿಂದೆ ಸುಮಾರು 5.85 ಲಕ್ಷ ರೂಪಾಯಿಯ ಪುಸ್ತಕ ಮೌಲ್ಯವಿದ್ದರೂ ಕೊನೆಯ ವಹಿವಾಟಿನ ಬೆಲೆ 3.53 ರೂಪಾಯಿ. ಆ ಬೆಲೆಗೆ ಕೊಳ್ಳಲು ಯಾರು ಬೇಕಾದರೂ ಸಿದ್ಧರಿದ್ದರು, ಮಾರುವವರೇ ಇರಲಿಲ್ಲ. ಹೂಡಿಕೆ ಕಂಪನಿಗಳ ಬೆಲೆ ಕಂಡುಕೊಳ್ಳಲು ಬೆಲೆಮಿತಿ ಇಲ್ಲದ ವಿಶೇಷ ಹರಾಜು ನಡೆಸಬೇಕೆಂದು ಸೆಬಿ 2024ರ ಜೂನ್‌ನಲ್ಲಿ ಹೇಳಿತು. ಅದರಂತೆ ಅಕ್ಟೋಬರ್ 29ರಂದು ಬಿಎಸ್‌ಇಯಲ್ಲಿ ಹರಾಜು ನಡೆದು ಬೆಲೆ ಒಂದೇ ದಿನದಲ್ಲಿ 2,36,250 ರೂಪಾಯಿಗೆ ನಿಂತಿತು. ಪರದೆಯ ಮೇಲಿನ 3.53 ಒಂದು ಅಂಕಿಯಾಗಿತ್ತೇ ಹೊರತು ಬೆಲೆಯಾಗಿರಲಿಲ್ಲ. ಇನ್ನೊಂದನ್ನೂ ಗಮನಿಸಿ: ಹರಾಜಿನಲ್ಲಿ ಕೂಡ ಜನ ಕೊಟ್ಟದ್ದು ಪುಸ್ತಕ ಮೌಲ್ಯದ ಅರ್ಧಕ್ಕಿಂತ ಕಡಿಮೆ. ಬೀಗದ ಕೈ ಇಲ್ಲದ ಆಸ್ತಿಗೆ ಮಾರುಕಟ್ಟೆ ಹಾಕುವ ಕಡಿತ ಅದು. ಬೇರೆ ಕಂಪನಿಗಳ ಷೇರು ಹಿಡಿದಿಟ್ಟುಕೊಳ್ಳುವ ಇಂಥ ಹೋಲ್ಡಿಂಗ್ ಕಂಪನಿಗಳನ್ನು ಲೆಕ್ಕ ಹಾಕುವಾಗ ಕೈಯಲ್ಲಿರುವ ಷೇರುಗಳ ಮೌಲ್ಯಕ್ಕೆ ಮೊದಲೇ ಅರ್ಧ ಕಡಿತ ಹಾಕಿ, ಆಮೇಲೆ ಅಂತರ ಹುಡುಕುವುದು ಕ್ಷೇಮ.

ಹಾಗಾದರೆ ಮೌಲ್ಯ ಹೊರಗೆ ಬರುವ ದಾರಿ ಯಾವುದು ಎಂದು ಕೊಳ್ಳುವ ಮೊದಲೇ ಬರೆದಿಡಬೇಕು. ನಿಯಮಿತ ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭ), ಷೇರು ಮರುಖರೀದಿ, ಸಾಲ ತೀರಿ ಬಡ್ಡಿಯ ಹೊರೆ ಇಳಿಯುವುದು, ಹೊಸ ಘಟಕ ಶುರುವಾಗುವುದು, ಪ್ರವರ್ತಕರೇ ಮಾರುಕಟ್ಟೆಯಲ್ಲಿ ಕೊಳ್ಳುವುದು. ಒಂದೂ ಕಾಣದಿದ್ದರೆ ಆ ಅಗ್ಗತನ ಹತ್ತು ವರ್ಷವೂ ಹಾಗೇ ಇರಬಹುದು, ಆಗ ಮೊದಲ ಪ್ಯಾರಾದ ಶೇ. 7.2 ಕೂಡ ಖಾತ್ರಿಯಿಲ್ಲ.

ಅಗ್ಗವಾಗಿರಲು ಕೆಟ್ಟ ಕಾರಣಗಳು

ಸೈಟು ಕೊಳ್ಳುವ ಮುನ್ನ ಮೂವತ್ತು ವರ್ಷದ ಇಸಿ ತೆಗೆಸಿ, ಖಾತೆ ನೋಡಿ, ವಕೀಲರಿಗೆ ತೋರಿಸುವ ಜನ ನಾವು. ಷೇರಿಗೂ ಅಂಥ ಶೋಧನೆ ಸಾಧ್ಯ, ಬೇಕಾದ ಕಾಗದಗಳೆಲ್ಲ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹತ್ತು ವಾರ್ಷಿಕ ವರದಿಗಳನ್ನು ಇಳಿಸಿಕೊಂಡು ಹಿಂದಿನಿಂದ ಮುಂದಕ್ಕೆ ಓದಿ.

ಮೊದಲು ಹತ್ತು ವರ್ಷದ ನಿವ್ವಳ ಲಾಭವನ್ನೆಲ್ಲ ಕೂಡಿಸಿ, ಅದೇ ಹತ್ತು ವರ್ಷದ ಕಾರ್ಯಾಚರಣೆಯ ನಗದು ಹರಿವನ್ನೂ ಕೂಡಿಸಿ. ಸಾಮಾನ್ಯವಾಗಿ ನಗದು ಹರಿವೇ ಹೆಚ್ಚಿರಬೇಕು, ಏಕೆಂದರೆ ಯಂತ್ರಗಳ ಸವಕಳಿ ಲೆಕ್ಕದ ಖರ್ಚೇ ಹೊರತು ಕೈಯಿಂದ ಹೋಗುವ ದುಡ್ಡಲ್ಲ. ನೂರು ಕೋಟಿ ಲಾಭಕ್ಕೆ ಐವತ್ತು ಕೋಟಿ ನಗದು ಬಂದಿದ್ದರೆ ಉಳಿದದ್ದು ಬಾಕಿಯಲ್ಲೋ ದಾಸ್ತಾನಿನಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಮೊದಲಿನಿಂದಲೂ ಇರಲೇ ಇಲ್ಲ. ನಮ್ಮ ಫೌಂಡ್ರಿಯ ಮಾರಾಟ 110 ಕೋಟಿಯಾದರೆ 36 ಕೋಟಿ ಬಾಕಿ ಎಂದರೆ ಸುಮಾರು 120 ದಿನದ ಉದ್ದರಿ. ಐದು ವರ್ಷದ ಹಿಂದೆ ಅದು 75 ದಿನವಿದ್ದರೆ ಏಕೆ ಬೆಳೆಯಿತು ಎಂಬುದಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ.

ನಗದು ನಿಜವೇ ಎಂಬುದು ಇನ್ನೂ ಮುಖ್ಯ. 20 ಕೋಟಿ ಠೇವಣಿ ಇದ್ದರೆ ವರ್ಷಕ್ಕೆ ಒಂದು ಕೋಟಿಗಿಂತ ಹೆಚ್ಚು ಬಡ್ಡಿ ಬರಬೇಕು. ಇಪ್ಪತ್ತು ಲಕ್ಷ ಮಾತ್ರ ಬಂದಿದ್ದರೆ ಆ ದುಡ್ಡು ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ರಂದು ಮಾತ್ರ ಬಂದುಹೋಗಿರಬಹುದು. ಬಡ್ಡಿ ತೋರಿಸಿದ ಮಾತ್ರಕ್ಕೂ ನಂಬುವಂತಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಬರೆದ ಪತ್ರದಲ್ಲಿ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡದ್ದರ ಜೊತೆಗೆ, ಬರಬೇಕಿದೆ ಎಂದು ತೋರಿಸಿದ್ದ 376 ಕೋಟಿ ಬಡ್ಡಿಯೂ ಸುಳ್ಳು ಎಂದಿತ್ತು. ಅದು ದೊಡ್ಡ ಕಂಪನಿ, ಆದರೆ ಪಾಠ ಸಣ್ಣದಕ್ಕೂ ಸಲ್ಲುತ್ತದೆ: ಲಾಭನಷ್ಟದ ಪಟ್ಟಿಯ ಬಡ್ಡಿಯನ್ನು ನಗದು ಹರಿವಿನ ಪಟ್ಟಿಯಲ್ಲಿ "ಬಂದ ಬಡ್ಡಿ" ಎಂಬ ಸಾಲಿಗೆ ಹೋಲಿಸಿ. ಕೈಯಲ್ಲಿ ನಗದು ತುಂಬಿಕೊಂಡೂ ದುಬಾರಿ ಬಡ್ಡಿಗೆ ಸಾಲ ತರುವ ಕಂಪನಿಯಿಂದ ದೂರವಿರಿ.

ಉಳಿದವು ಬೇಗ ಮುಗಿಯುತ್ತವೆ. ತ್ರೈಮಾಸಿಕ ಷೇರುದಾರರ ಪಟ್ಟಿಯಲ್ಲಿ ಪ್ರವರ್ತಕರು ಒತ್ತೆ ಇಟ್ಟ ಷೇರು ಎಷ್ಟು, ಅದು ಏರುತ್ತಿದೆಯೇ. ಕುಟುಂಬದ ಬೇರೆ ಕಂಪನಿಗಳಿಗೆ ಕೊಟ್ಟ ಸಾಲ, ಅವರಿಂದ ಕೊಂಡ ಮಾಲು. ನಿರ್ದೇಶಕರ ಸಂಬಳ, ಕಂಪನಿ ಕಾಯ್ದೆ ನಿವ್ವಳ ಲಾಭದ ಶೇ. 11ರ ಮಿತಿ ಹಾಕಿದ್ದರೂ ಷೇರುದಾರರ ಸಭೆಯ ಒಪ್ಪಿಗೆಯಿಂದ ಅದನ್ನು ದಾಟಬಹುದು, ಲಾಭ ಇಳಿದ ವರ್ಷ ಸಂಬಳ ಏರಿದ್ದರೆ ಅಲ್ಲಿಗೇ ನಿಲ್ಲಿಸಿ. ಅವಧಿಗೆ ಮುನ್ನ ರಾಜೀನಾಮೆ ಕೊಟ್ಟ ಲೆಕ್ಕಪರಿಶೋಧಕರು. ಇಲ್ಲಿ ನಮ್ಮ ನಿಲುವು ಕಠಿಣ: ಪ್ರವರ್ತಕರ ಪ್ರಾಮಾಣಿಕತೆಯ ಮೇಲೆ ಅನುಮಾನ ಬಂದರೆ ಯಾವ ರಿಯಾಯಿತಿಯೂ ಸಾಲದು. ಮೌಲ್ಯ ಸೊನ್ನೆಯಾದಾಗ ಶೇ. 40ರ ಅಂತರ ಯಾರನ್ನೂ ಕಾಪಾಡುವುದಿಲ್ಲ.

ಕೊಳ್ಳುವುದು ಸುಲಭ, ಮಾರುವುದು ಕಷ್ಟ

ದಿನಕ್ಕೆ ಸರಾಸರಿ 8 ಲಕ್ಷ ರೂಪಾಯಿಯ ವಹಿವಾಟು ನಡೆಯುವ ಷೇರಿನಲ್ಲಿ ನಿಮ್ಮದು 6 ಲಕ್ಷ ಇದೆ ಎನ್ನಿ. ಬೆಲೆ ಕದಡದಂತೆ ಮಾರಬೇಕಾದರೆ ದಿನದ ವಹಿವಾಟಿನ ಶೇ. 10-15 ಮೀರಬಾರದು. ಅಂದರೆ ಐದರಿಂದ ಎಂಟು ದಿನ. ಕೆಟ್ಟ ಕಾಲದಲ್ಲಿ ವಹಿವಾಟು ಕಾಲು ಭಾಗಕ್ಕೆ ಇಳಿದರೆ ಒಂದು ತಿಂಗಳಿಗೂ ಮೀರಬಹುದು. ಶೇ. 5ರ ಸರ್ಕ್ಯೂಟ್ (ದಿನದ ಏರಿಳಿತದ ಮಿತಿ) ಇರುವ ಷೇರು ಸತತ ಹತ್ತು ದಿನ ಕೆಳಮಿತಿ ಮುಟ್ಟಿದರೆ ಶೇ. 40 ಕಳೆದುಹೋಗಿರುತ್ತದೆ, ಅಷ್ಟೂ ದಿನ ಮಾರುವ ಆರ್ಡರ್ ಸಾಲಿನಲ್ಲಿ ನಿಂತೇ ಇರುತ್ತದೆ. ಎಎಸ್‌ಎಂ, ಜಿಎಸ್‌ಎಂ ಎಂಬ ನಿಗಾ ಪಟ್ಟಿಗೆ ಸೇರಿದರೆ ಮಿತಿಗಳು ಇನ್ನೂ ಬಿಗಿಯಾಗುತ್ತವೆ. ಜಿಎಸ್‌ಎಂನ ಮೇಲಿನ ಹಂತಗಳಲ್ಲಿ ವಾರಕ್ಕೊಂದೇ ದಿನ ವಹಿವಾಟು.

ಆದ್ದರಿಂದ ಇಂಥ ಷೇರಿಗೆ ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್) ಹಾಕಿ ನೆಮ್ಮದಿಯಿಂದಿರಲಾಗದು. ಕಾವಲು ಇರುವುದು ಎರಡೇ ಕಡೆ: ಕೊಂಡ ಬೆಲೆಯಲ್ಲಿ ಮತ್ತು ಹಾಕಿದ ಮೊತ್ತದಲ್ಲಿ. ಹನ್ನೆರಡರಿಂದ ಇಪ್ಪತ್ತು ಕಂಪನಿ, ಒಂದೊಂದಕ್ಕೆ ಹೆಚ್ಚೆಂದರೆ ಒಟ್ಟು ಷೇರು ಹೂಡಿಕೆಯ ಶೇ. 5. ಮುಂದಿನ ಐದು ವರ್ಷದಲ್ಲಿ ಮಗಳ ಫೀಸಿಗೋ ಮನೆ ಸಾಲಕ್ಕೋ ಬೇಕಾಗುವ ದುಡ್ಡು ಇಲ್ಲಿಗೆ ಬರಬಾರದು, ಏಕೆಂದರೆ ಅವಸರಕ್ಕೆ ಮಾರುವವನು ಎಂಥ ಅಂತರವನ್ನೂ ಒಂದೇ ವಾರದಲ್ಲಿ ಬಿಟ್ಟುಕೊಡುತ್ತಾನೆ. ಕೊಳ್ಳುವಾಗ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್, ಬೇಡವೇ ಬೇಡ. ಕೊಳ್ಳುವವರ ಬೆಲೆ 43.80, ಮಾರುವವರ ಬೆಲೆ 45.20 ಇದ್ದರೆ ನಡುವೆ ಶೇ. 3ರಷ್ಟು ಸೋರಿಕೆ. ಬೆಲೆಯನ್ನು ನೀವೇ ಗೊತ್ತುಮಾಡುವ ಲಿಮಿಟ್ ಆರ್ಡರ್ ಹಾಕಿ, ಮೂರು ಕಂತಿನಲ್ಲಿ ಕೊಳ್ಳಿ: ಮೊದಲ ಕಂತು ಲೆಕ್ಕದ ಬೆಲೆಗೆ ಬಂದಾಗ, ಎರಡನೆಯದು ಮುಂದಿನ ತ್ರೈಮಾಸಿಕ ಫಲಿತಾಂಶ ನೋಡಿ, ಮೂರನೆಯದು ವಾರ್ಷಿಕ ವರದಿ ಓದಿದ ಮೇಲೆ.

ಕಾಯುವ ವರ್ಷಗಳು

2018ರ ಜನವರಿಯಲ್ಲಿ ಸುಮಾರು 9,600ರಲ್ಲಿದ್ದ ನಿಫ್ಟಿ ಸ್ಮಾಲ್‌ಕ್ಯಾಪ್ 100 ಸೂಚ್ಯಂಕ 2020ರ ಮಾರ್ಚ್‌ನಲ್ಲಿ 3,200ರ ಆಸುಪಾಸಿಗೆ ಬಂತು. ಹಳೆಯ ಎತ್ತರ ಮತ್ತೆ ಕಂಡದ್ದು 2021ರಲ್ಲಿ. ಈ ಕುಸಿತ ಪೂರ್ತಿ ಕೊರೊನಾದ್ದಲ್ಲ. 2020ರ ಜನವರಿಯಲ್ಲಿ ನಿಫ್ಟಿ 50 ಹೊಸ ದಾಖಲೆಯಲ್ಲಿದ್ದಾಗಲೂ ಸಣ್ಣ ಷೇರುಗಳು ತಮ್ಮ ತುದಿಗಿಂತ ಬಹಳ ಕೆಳಗೆ ಇದ್ದವು. ಎಲ್ಲರೂ ಒಟ್ಟಿಗೆ ಕಳೆದುಕೊಳ್ಳುವಾಗ ಕಾಯುವುದು ಅಷ್ಟು ಕಷ್ಟವಲ್ಲ. ಪಕ್ಕದವರ ಇಂಡೆಕ್ಸ್ ಫಂಡ್ ಏರುತ್ತಿರುವಾಗ ಎರಡು ವರ್ಷ ನಮ್ಮದೊಂದೇ ಇಳಿಯುತ್ತಿದ್ದರೆ ಆಗ ಕೈ ನಡುಗುತ್ತದೆ.

ಅಂಥ ಹೊತ್ತಿಗೆಂದೇ ಕೊಂಡ ದಿನ ಒಂದು ಹಾಳೆ ಬರೆದಿಡಬೇಕು: ಮೌಲ್ಯ ಎಷ್ಟು, ಏಕೆ, ಯಾವ ಮೂರು ಅಂಕಿ ಕೆಟ್ಟರೆ ಲೆಕ್ಕ ತಪ್ಪಿತು ಎಂದರ್ಥ. ಫೌಂಡ್ರಿಗಾದರೆ ಉದ್ದರಿಯ ದಿನಗಳು, ನಿವ್ವಳ ಸಾಲ, ಏಳು ವರ್ಷದ ಸರಾಸರಿ ನಗದು. ಬೆಲೆಯನ್ನು ದಿನಾ ನೋಡಬೇಕಿಲ್ಲ. ಮಾರ್ಚ್ ವರ್ಷಾಂತ್ಯದ ಫಲಿತಾಂಶ 60 ದಿನದೊಳಗೆ, ಉಳಿದ ತ್ರೈಮಾಸಿಕಗಳದ್ದು 45 ದಿನದೊಳಗೆ ಬರಬೇಕು. ವರ್ಷಕ್ಕೆ ನಾಲ್ಕು ಸಲ ಹಾಳೆ ತೆಗೆದರೆ ಸಾಕು. ಬೆಲೆ ಇಳಿದು ಅಂಕಿಗಳು ಗಟ್ಟಿಯಾಗಿದ್ದರೆ ಕಾಯಿರಿ, ಜಾಗವಿದ್ದರೆ ಇನ್ನಷ್ಟು ಕೊಳ್ಳಿ. ಅಂಕಿಗಳು ಕೆಟ್ಟಿದ್ದರೆ ಮೌಲ್ಯವನ್ನು ಹೊಸದಾಗಿ ಎಣಿಸಿ, ಕೊಂಡ ಬೆಲೆಯನ್ನು ಆ ಲೆಕ್ಕದೊಳಗೆ ಬಿಟ್ಟುಕೊಳ್ಳಬೇಡಿ. "ಹಾಕಿದ ದುಡ್ಡು ವಾಪಸ್ ಬರಲಿ, ಆಮೇಲೆ ಮಾರೋಣ" ಎನ್ನುವುದು ತಾಳ್ಮೆಯಂತೆ ಕೇಳಿಸುತ್ತದೆ. 75 ಎಂದುಕೊಂಡದ್ದು ನಿಜಕ್ಕೂ 35 ಆಗಿದ್ದರೆ, 45ಕ್ಕೆ ಕೊಂಡ ಷೇರನ್ನು 38ಕ್ಕೆ ಮಾರುವುದೇ ಸರಿಯಾದ ಲೆಕ್ಕ.

ಡಿವಿಡೆಂಡ್ ಕಾಯುವುದಕ್ಕೆ ಸಿಗುವ ಕೂಲಿ. 45 ರೂಪಾಯಿಯ ಷೇರಿಗೆ ವರ್ಷಕ್ಕೆ 1.80 ಬಂದರೆ ಶೇ. 4. ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ ಅದಕ್ಕೆ ತೆರಿಗೆ ಇದೆ, ಆದರೂ ಬ್ಯಾಂಕಿಗೆ ಬಂದು ಬೀಳುವ ಆ ದುಡ್ಡು ಕಂಪನಿಯ ಲಾಭ ನಿಜವೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಮಾರುವಾಗ ಪೂರ್ತಿ ಮೌಲ್ಯಕ್ಕೆ ಕಾಯಬೇಡಿ. 75ರ ಷೇರು 62-65ಕ್ಕೆ ಬಂದಾಗ ಅಂತರ ಬಹುಪಾಲು ತೀರಿದೆ, ಉಳಿದ ಹತ್ತು ರೂಪಾಯಿಗೆ ಮತ್ತೆರಡು ವರ್ಷ ಹೋಗಬಹುದು. ಕೊಂಡು ಹನ್ನೆರಡು ತಿಂಗಳು ಮೀರಿದ್ದರೆ 2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5 ತೆರಿಗೆ, ಹನ್ನೆರಡು ತಿಂಗಳಿಗೆ ಮುನ್ನ ಮಾರಿದರೆ ಶೇ. 20. ವಹಿವಾಟು ಎಂದಿಗಿಂತ ಐದಾರು ಪಟ್ಟು ಹೆಚ್ಚುವುದು ಒಳ್ಳೆಯ ಫಲಿತಾಂಶ ಬಂದ ಒಂದೆರಡು ದಿನ ಮಾತ್ರ. ಮಾರುವ ಆರ್ಡರ್ ಆ ಬೆಳಿಗ್ಗೆಯೇ, ಮೊದಲೇ ಬರೆದಿಟ್ಟ ಬೆಲೆಗೆ, ಪರದೆಯ ಮೇಲಿರಬೇಕು.